ಮಲೆನಾಡಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ದಳ: ರಚನೆ ಮತ್ತು ನಿರ್ವಹಣೆ

ಮೂಡಿಗೆರೆ, ಕಳಸ, ಸಂಸೆ, ಕುದುರೆಮುಖದ ಕಡೆಯ ಶಾಲೆಗಳಲ್ಲಿ ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಕೊರಳಿಗೆ ಸ್ಕಾರ್ಫ್ ಧರಿಸಿ, ಜಡಿಮಳೆಯಲ್ಲೂ ಅಲುಗದೆ ಸಾಲಾಗಿ ನಿಲ್ಲುವ ಮಕ್ಕಳನ್ನು ನಾವು ಕಂಡಿದ್ದೇವೆ. ಇವರು ಸ್ಕೌಟುಗಳು ಮತ್ತು ಗೈಡುಗಳು. ಹಿಂದಿನವರ ಮಾತಿನಲ್ಲಿ ಬಾಲಚರರು. ಆ ದಿನದ ಪಥಸಂಚಲನವನ್ನೇ ಸ್ಕೌಟಿಂಗ್ ಎಂದು ಭಾವಿಸಿದವರು ಬಹಳ ಮಂದಿ. ವಾಸ್ತವವಾಗಿ ಅದು ವರ್ಷವಿಡೀ ನಡೆಯಬೇಕಾದ ಶಿಕ್ಷಣದ ಅತ್ಯಲ್ಪ ಭಾಗ. ಊರಿನಲ್ಲಿ ಒಂದು ದಳ ಹೇಗೆ ರಚಿತವಾಗುತ್ತದೆ, ಅದನ್ನು ಯಾರು ನಡೆಸುತ್ತಾರೆ, ಮಳೆ ಮತ್ತು ಕಾಫಿ ಕೊಯ್ಲುಗಳ ನಡುವೆ ಅದು ಹೇಗೆ ಉಳಿಯುತ್ತದೆ ಎಂಬುದನ್ನು ತಂದೆತಾಯಿಗಳ, ಶಿಕ್ಷಕರ ಹಾಗೂ ಶಾಲಾ ಆಡಳಿತ ಮಂಡಳಿಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರೊಂದಿಗೆ ನಡೆಸಿದ ಶಿಬಿರವೇ ಈ ಚಳವಳಿಯ ಮೂಲ. ಎರಡೇ ವರ್ಷದಲ್ಲಿ, 1909ರಲ್ಲಿ, ಅದು ಭಾರತಕ್ಕೆ ಬಂತು; ಬಂದದ್ದು ನಮ್ಮ ಬೆಂಗಳೂರಿಗೆ. ಕ್ಯಾಪ್ಟನ್ ಟಿ. ಎಚ್. ಬೇಕರ್ ಅಲ್ಲಿ ಮೊದಲ ದಳವನ್ನು ಕಟ್ಟಿದರು. ಆದರೆ ಆರಂಭದ ದಳಗಳ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ತೆರೆದಿತ್ತು. ಭಾರತೀಯ ಮಕ್ಕಳಿಗೆ ಅವಕಾಶವಿಲ್ಲವೆಂಬ ಈ ಅನ್ಯಾಯಕ್ಕೆ ಉತ್ತರವಾಗಿ ಆನಿ ಬೆಸೆಂಟ್ ಅವರು ಜಿ. ಎಸ್. ಅರುಂಡೇಲ್ ಅವರ ನೆರವಿನಿಂದ 1917ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಚರ ಸಂಘವನ್ನು ಸ್ಥಾಪಿಸಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ವಾಜಪೇಯಿ ಅವರು ಸೇವಾ ಸಮಿತಿಯ ಮೂಲಕ ಅದೇ ಕಾರ್ಯವನ್ನು ಕೈಗೊಂಡರು. ಹೀಗೆ ಹಲವು ಕವಲುಗಳಾಗಿದ್ದ ಸಂಸ್ಥೆಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನಡಿ ಸೇರಿದವು. ಮರುವರ್ಷ ಹೆಣ್ಣುಮಕ್ಕಳ ಗೈಡ್ ಸಂಸ್ಥೆಯೂ ಕೂಡಿಕೊಂಡಿತು.

ಕರ್ನಾಟಕದಲ್ಲಿ ಈ ಕಾರ್ಯಕ್ಕೆ ಬಾಳನ್ನು ಮುಡಿಪಿಟ್ಟವರಲ್ಲಿ ದಾವಣಗೆರೆ ಸೀಮೆಯ ಕೊಂಡಜ್ಜಿ ಬಸಪ್ಪನವರ ಹೆಸರು ಎದ್ದು ಕಾಣುತ್ತದೆ. ಲೋಕಸಭಾ ಸದಸ್ಯರಾಗಿದ್ದವರೂ ಹೌದು. ಹರಿಹರದ ಬಳಿಯ ಕೊಂಡಜ್ಜಿಯಲ್ಲಿರುವ ತರಬೇತಿ ಕೇಂದ್ರ ಅವರ ಹೆಸರನ್ನೇ ಹೊತ್ತಿದೆ. ನಮ್ಮ ಭಾಗದ ಅನೇಕ ಶಿಕ್ಷಕರು ತರಬೇತಿ ಪಡೆಯಲು ಅಲ್ಲಿಗೋ ದೊಡ್ಡಬಳ್ಳಾಪುರದ ಕೇಂದ್ರಕ್ಕೋ ಹೋಗಿಬರುತ್ತಾರೆ. ಕುದುರೆಮುಖದ ಘಟ್ಟ ಇಳಿದರೆ ಕಾರ್ಕಳ, ಅದರಾಚೆ ಮೂಡುಬಿದಿರೆ. ಅಲ್ಲಿನ ವಿದ್ಯಾಗಿರಿಯಲ್ಲಿ 2022ರ ಡಿಸೆಂಬರ್ 21ರಿಂದ 27ರವರೆಗೆ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯನ್ನು ಕಂಡ ಮಲೆನಾಡಿನ ಮಕ್ಕಳು ಅದನ್ನು ಇಂದಿಗೂ ನೆನೆಯುತ್ತಾರೆ.

ಯಾರು ಸೇರಬಹುದು

ವಯಸ್ಸಿಗೆ ತಕ್ಕಂತೆ ವಿಭಾಗಗಳಿವೆ. ಐದು ತುಂಬಿದ, ಹತ್ತರೊಳಗಿನ ಗಂಡುಮಕ್ಕಳು ಕಬ್, ಹೆಣ್ಣುಮಕ್ಕಳು ಬುಲ್‌ಬುಲ್. ಹತ್ತರ ನಂತರ, ಪ್ರೌಢಶಾಲೆಯ ಹಂತ ಮುಗಿಯುವವರೆಗೆ, ಸ್ಕೌಟ್ ಮತ್ತು ಗೈಡ್. ಅದಕ್ಕೂ ಮೇಲಿನವರು, ಇಪ್ಪತ್ತೈದು ವರ್ಷದವರೆಗೆ, ರೋವರ್ ಮತ್ತು ರೇಂಜರ್. ತೀರ ಪುಟ್ಟ ಮಕ್ಕಳಿಗಾಗಿ ಬನ್ನಿ ಎಂಬ ವಿಭಾಗವೂ ಇದೆ. ಜಾತಿ, ಮತ, ಭಾಷೆಗಳ ಭೇದ ಇಲ್ಲ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರಿಗೂ ದೇಶಕ್ಕೂ ತನ್ನ ಕರ್ತವ್ಯವನ್ನು ಸಲ್ಲಿಸುವ, ಇತರರಿಗೆ ನೆರವಾಗುವ, ಸ್ಕೌಟ್ ನಿಯಮವನ್ನು ಪಾಲಿಸುವ ಸಂಕಲ್ಪ ಇರುತ್ತದೆ. ಇಚ್ಛಿಸಿದವರು ದೇವರು ಎಂಬ ಪದದ ಬದಲಿಗೆ ಧರ್ಮ ಎಂದು ಹೇಳಲು ಅವಕಾಶವಿರುವುದನ್ನು ನಮ್ಮ ಓದುಗರು ಗಮನಿಸಬೇಕು. ಯಾವ ಮನೆಯ ಮಗುವೂ ತನ್ನ ನಂಬಿಕೆಯನ್ನು ಬದಿಗಿಟ್ಟು ಇಲ್ಲಿಗೆ ಬರಬೇಕಾಗಿಲ್ಲ.

ನಿಯಮಗಳು ಒಂಬತ್ತು. ನಂಬಿಕೆಗೆ ಅರ್ಹನಾಗಿರುವುದು, ನಿಷ್ಠೆ, ಸರ್ವರಲ್ಲಿ ಸೋದರಭಾವ, ವಿನಯ, ಪ್ರಾಣಿದಯೆ ಮತ್ತು ಪ್ರಕೃತಿಪ್ರೀತಿ, ಶಿಸ್ತು ಮತ್ತು ಸಾರ್ವಜನಿಕ ಆಸ್ತಿಯ ರಕ್ಷಣೆ, ಧೈರ್ಯ, ಮಿತವ್ಯಯ, ಕೊನೆಯದಾಗಿ ನಡೆ ನುಡಿ ಚಿಂತನೆಗಳಲ್ಲಿ ಶುದ್ಧಿ. ಇವನ್ನು ಬಾಯಿಪಾಠ ಮಾಡಿಸುವುದು ಒಂದು ವಾರದ ಕೆಲಸ. ದಳದ ಉಳಿದ ಆಯುಷ್ಯವೆಲ್ಲ ಅವನ್ನು ನಡೆಯಲ್ಲಿ ತರುವುದಕ್ಕಾಗಿ.

ದಳದ ರಚನೆ

ಆರರಿಂದ ಎಂಟು ಮಕ್ಕಳ ಪುಟ್ಟ ಗುಂಪಿಗೆ ಪಟ್ರೋಲ್ ಎಂಬ ಹೆಸರಿದೆ, ತುಕಡಿ ಎನ್ನೋಣ. ಅಂತಹ ಎರಡರಿಂದ ನಾಲ್ಕು ತುಕಡಿಗಳು ಸೇರಿದರೆ ಒಂದು ದಳ. ಎಂದರೆ ಹನ್ನೆರಡು ಮಕ್ಕಳಿದ್ದರೆ ದಳ ಆರಂಭಿಸಬಹುದು, ಮೂವತ್ತೆರಡಕ್ಕಿಂತ ಹೆಚ್ಚಾದರೆ ಎರಡನೆಯದನ್ನು ಕಟ್ಟಬೇಕು. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವ ನಮ್ಮ ಕಡೆಯ ಶಾಲೆಗಳಿಗೆ ಹನ್ನೆರಡು ಎಂಬ ಈ ಕನಿಷ್ಠ ಸಂಖ್ಯೆ ಆಶಾದಾಯಕ.

ಪ್ರತಿ ತುಕಡಿಗೂ ಮಕ್ಕಳಲ್ಲೇ ಒಬ್ಬ ನಾಯಕ, ಒಬ್ಬ ಉಪನಾಯಕ. ಇಡೀ ವ್ಯವಸ್ಥೆಯ ತಿರುಳು ಇಲ್ಲಿದೆ. ತುಕಡಿಯವರು ತಾವೇ ಕುಳಿತು ಚರ್ಚಿಸಿದ್ದನ್ನು ನಾಯಕನು ಕೋರ್ಟ್ ಆಫ್ ಆನರ್ ಎಂಬ ನಾಯಕರ ಸಭೆಗೆ ಒಯ್ಯುತ್ತಾನೆ. ಮುಂದಿನ ತಿಂಗಳ ಕಾರ್ಯಕ್ರಮ, ಹಣದ ಖರ್ಚು, ತಪ್ಪು ಮಾಡಿದವನ ವಿಚಾರ, ಯಾರಿಗೆ ಯಾವ ಜವಾಬ್ದಾರಿ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗಬೇಕು. ಸ್ಕೌಟ್ ಮಾಸ್ಟರ್ ಆ ಸಭೆಯಲ್ಲಿ ಸಲಹೆಗಾರರು ಮಾತ್ರ. ಹೆಣ್ಣುಮಕ್ಕಳ ದಳದಲ್ಲಿ ಅದೇ ಸ್ಥಾನ ಗೈಡ್ ಕ್ಯಾಪ್ಟನ್ ಅವರದು. ಆ ಹೊಣೆಯನ್ನು ಮಹಿಳೆಯರೇ ಹೊರುತ್ತಾರೆ.

ಪುಸ್ತಕದಲ್ಲಿ ಹೀಗಿದ್ದರೂ ಬಹುತೇಕ ಕಡೆ ನಡೆಯುವುದು ಬೇರೆ. ಮಾಸ್ಟರ್ ಸೀಟಿ ಊದುತ್ತಾರೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಅವರು ಹೇಳಿದ್ದನ್ನು ಮಾಡಿ ಮನೆಗೆ ಹೋಗುತ್ತಾರೆ. ಇದು ಕೆಟ್ಟದ್ದೇನಲ್ಲ, ಆದರೆ ಇದಕ್ಕೆ ದೈಹಿಕ ಶಿಕ್ಷಣದ ಅವಧಿಯೇ ಸಾಕಿತ್ತು. ನಾಯಕರ ಸಭೆ ನಡೆಯದ ದಳ ಒಬ್ಬ ಶಿಕ್ಷಕರ ಉತ್ಸಾಹದ ಮೇಲೆ ನಿಂತಿರುತ್ತದೆ. ಅವರಿಗೆ ವರ್ಗಾವಣೆಯಾದ ತಿಂಗಳಲ್ಲೇ ಸ್ಕಾರ್ಫುಗಳು ಕಪಾಟಿನ ಪಾಲಾಗುತ್ತವೆ. ಘಟ್ಟದ ಶಾಲೆಗಳಲ್ಲಿ ಶಿಕ್ಷಕರು ಬಹುಕಾಲ ನಿಲ್ಲುವುದು ವಿರಳವಾದ್ದರಿಂದ, ಇಲ್ಲಿ ಒಂದು ದಳ ಉಳಿಯುವುದೋ ಅಳಿಯುವುದೋ ಎಂಬುದು ಹದಿಮೂರು ಹದಿನಾಲ್ಕರ ಆ ನಾಲ್ಕು ನಾಯಕರ ಕೈಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹಿರಿಯರ ಪಾಲು

ದಳದ ಮೇಲೆ ಗುಂಪು ಸಮಿತಿ ಇರುತ್ತದೆ. ಮುಖ್ಯೋಪಾಧ್ಯಾಯರು, ತಂದೆತಾಯಿಗಳು, ಊರಿನ ಆಸಕ್ತರು ಅದರಲ್ಲಿ ಸೇರಿ, ಸ್ಥಳ, ಹಣ, ಸಲಕರಣೆ, ಪ್ರಯಾಣದ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಪಾಠದ ಗೊಡವೆ ಸಮಿತಿಗಿಲ್ಲ. ಅದರ ಮೇಲೆ ತಾಲ್ಲೂಕಿನ ಸ್ಥಳೀಯ ಸಂಸ್ಥೆ, ಅನಂತರ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಸಂಸ್ಥೆ, ಬೆಂಗಳೂರಿನಲ್ಲಿ ರಾಜ್ಯ ಸಂಸ್ಥೆ. ದಳವನ್ನು ಜಿಲ್ಲಾ ಸಂಸ್ಥೆಯ ಮೂಲಕ ನೋಂದಾಯಿಸಿ ಪ್ರತಿವರ್ಷ ನವೀಕರಿಸಬೇಕು. ನವೀಕರಣ ತಪ್ಪಿದರೆ ಮಕ್ಕಳು ಮುಂದಿನ ಹಂತದ ಪರೀಕ್ಷೆಗೆ ಕೂರುವಾಗ ತೊಡಕಾಗುತ್ತದೆ. ಅದು ತಿಳಿಯುವುದು ಅರ್ಜಿ ಹಾಕುವ ಕೊನೆಯ ದಿನ!

ಸ್ಕೌಟ್ ಮಾಸ್ಟರ್ ಆಗುವವರು ಮೊದಲು ಬೇಸಿಕ್ ಶಿಬಿರ, ಆಮೇಲೆ ಅಡ್ವಾನ್ಸ್ಡ್ ಶಿಬಿರ ಮುಗಿಸಬೇಕು. ಎರಡೂ ಒಂದೊಂದು ವಾರದ ವಸತಿ ಶಿಬಿರಗಳು. ಮುಂದೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಅರ್ಹತೆಯಿದೆ. ಶಿಕ್ಷಕರೇ ಆಗಿರಬೇಕೆಂಬ ಕಟ್ಟಳೆ ಏನೂ ಇಲ್ಲ. ಶಾಲೆಗೆ ಸೇರದ, ಊರಿನವರೇ ನಡೆಸುವ ಮುಕ್ತ ದಳಕ್ಕೂ ಅವಕಾಶವಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. 2005ರ ಕೊನೆಯಲ್ಲಿ ಕುದುರೆಮುಖದ ಗಣಿಗಾರಿಕೆ ನಿಂತಾಗ ಬಹುಪಾಲು ಕುಟುಂಬಗಳು ಊರು ಬಿಟ್ಟವು. ಜನ ಹೋದಂತೆ ಮಕ್ಕಳ ಚಟುವಟಿಕೆಗಳೂ ಹೋದವು. ಮಕ್ಕಳಿಲ್ಲದೆ ಶಾಲೆಗಳು ಒಂದರೊಳಗೊಂದು ವಿಲೀನವಾಗುವ ಕಾಲದಲ್ಲಿ, ನಾಲ್ಕು ಹಳ್ಳಿಯ ಮಕ್ಕಳನ್ನು ಒಂದು ಸಭಾಭವನದಲ್ಲೋ ಸಮುದಾಯ ಭವನದಲ್ಲೋ ಕೂಡಿಸುವ ಮುಕ್ತ ದಳವೇ ಘಟ್ಟದ ಊರುಗಳಿಗೆ ಹೆಚ್ಚು ಹೊಂದುವ ಮಾದರಿ ಎಂಬುದು ನಮ್ಮ ಅಭಿಪ್ರಾಯ. ಪದವಿ ಮುಗಿಸಿ ತೋಟ ನೋಡಿಕೊಳ್ಳುತ್ತಿರುವ ಹಳೆಯ ಸ್ಕೌಟುಗಳು ಪ್ರತಿ ಹೋಬಳಿಯಲ್ಲೂ ಇದ್ದಾರೆ; ಅವರನ್ನು ಕೇಳುವವರಿಲ್ಲ.

ವಾರದ ಸಭೆ

ಸಭೆ ವಾರಕ್ಕೊಮ್ಮೆ, ಒಂದರಿಂದ ಒಂದೂವರೆ ಗಂಟೆ. ಮಕ್ಕಳು ಕುದುರೆಲಾಳದ ಆಕಾರದಲ್ಲಿ ನಿಲ್ಲುತ್ತಾರೆ. ಧ್ವಜಾರೋಹಣ, ಪ್ರಾರ್ಥನೆ, ಸಮವಸ್ತ್ರ ತಪಾಸಣೆ. ಅನಂತರ ಒಂದು ಆಟ, ತುಕಡಿವಾರು ಅಭ್ಯಾಸ, ಮತ್ತೊಂದು ಆಟ, ಸೂಚನೆಗಳು, ಧ್ವಜಾವರೋಹಣ. ಅಭ್ಯಾಸದ ಹೊತ್ತಿನಲ್ಲಿ ಕಲಿಸುವವನು ತುಕಡಿ ನಾಯಕ. ನಾಯಕರಿಗೆ ಆ ವಿಷಯವನ್ನು ಹಿಂದಿನ ದಿನವೇ ಕಲಿಸಿರುವುದು ಮಾಸ್ಟರರ ಕೆಲಸ.

ಕಲಿಯುವುದು ಏನು? ಗಂಟುಗಳು, ಪ್ರಥಮ ಚಿಕಿತ್ಸೆ, ನಕ್ಷೆ ಮತ್ತು ದಿಕ್ಸೂಚಿ, ಅಡುಗೆ, ಅಂದಾಜು, ಸಂಕೇತ. ಇವುಗಳಲ್ಲಿ ಮಲೆನಾಡಿನ ಬಾಳಿಗೆ ಒದಗದ್ದು ಒಂದೂ ಇಲ್ಲ. ಬೋಲೈನ್ ಗಂಟು ಎಳೆದರೂ ಬಿಗಿಯದು; ಹಳ್ಳಕ್ಕೆ ಬಿದ್ದವರ ಎದೆಗೆ ಸುತ್ತಿ ಮೇಲೆತ್ತಲು ಅದೇ ಬೇಕು. ಎರಡು ಬಿದಿರ ಗಳ ಮತ್ತು ಒಂದು ಕಂಬಳಿಯಿಂದ ಸ್ಟ್ರೆಚರ್ ಮಾಡುವುದನ್ನು ಕಲಿತ ಹುಡುಗರು, ವಾಹನ ಬಾರದ ತೋಟದ ಮನೆಯಿಂದ ರೋಗಿಯನ್ನು ರಸ್ತೆಗೆ ತರಬಲ್ಲರು. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು, ಕಚ್ಚಿಸಿಕೊಂಡವರನ್ನು ನಡೆಸಬಾರದು. ಅಂಗವನ್ನು ಅಲುಗದಂತಿರಿಸಿ ಆಸ್ಪತ್ರೆಗೆ ಒಯ್ಯಬೇಕು. ಹಿರಿಯರಿಗೇ ತಿಳಿಯದ ಈ ಮಾತನ್ನು ಮನೆಗೆ ಒಯ್ಯುವವರು ಮಕ್ಕಳೇ. ಸೀಟಿಯ ಸಂಕೇತಗಳೂ ಹಾಗೆಯೇ. ಒಂದು ದೀರ್ಘ ಸೀಟಿ ಎಂದರೆ ನಿಶ್ಶಬ್ದ, ಮುಂದಿನ ಸೂಚನೆಗೆ ಕಾಯಿರಿ. ಚಿಕ್ಕ ಸೀಟಿಗಳು ಒಂದರ ಹಿಂದೊಂದು ಬಂದರೆ ಎಲ್ಲರೂ ಕೂಡಿರಿ. ಮೂರು ಚಿಕ್ಕದು ಒಂದು ದೀರ್ಘ ಎಂದರೆ ನಾಯಕರು ಬನ್ನಿರಿ. ಹತ್ತು ಮಾರು ದೂರದವರು ಕಾಣದ ಮಂಜಿನಲ್ಲಿ ಕೂಗಿಗಿಂತ ಸೀಟಿ ನಂಬಿಕಸ್ಥ.

ಸಮವಸ್ತ್ರದ ಬಗ್ಗೆ ಒಂದು ಮಾತು. ಸ್ಕಾರ್ಫಿನ ಬಣ್ಣವನ್ನು ದಳವೇ ಆರಿಸಿ ಸಂಸ್ಥೆಯ ಒಪ್ಪಿಗೆ ಪಡೆಯಬಹುದು. ಹಳದಿ, ನೇರಳೆ, ಹಸಿರು ಮಾತ್ರ ಸಲ್ಲದು. ಪೂರ್ಣ ಸಮವಸ್ತ್ರ ಹೊಲಿಸಲಾಗದ ಮನೆಗಳಿರುತ್ತವೆ. ಬಟ್ಟೆಯ ಕಾರಣಕ್ಕೆ ಯಾವ ಮಗುವೂ ಹೊರಗುಳಿಯಬಾರದು. ದೊಡ್ಡ ಮಕ್ಕಳು ಬಿಟ್ಟ ಅಂಗಿಗಳನ್ನು ಜೋಪಾನ ಮಾಡಿ ಕಿರಿಯರಿಗೆ ಕೊಡುವ ಪದ್ಧತಿಯನ್ನು ಸಮಿತಿ ಇರಿಸಿಕೊಳ್ಳಬೇಕು.

ಹಂತಗಳು

ಹೊಸಬನು ಕೆಲವು ತಿಂಗಳ ಅಭ್ಯಾಸದ ಬಳಿಕ ಪ್ರವೇಶ ಹಂತ ಮುಗಿಸಿ ಪ್ರತಿಜ್ಞೆ ಸ್ವೀಕರಿಸುತ್ತಾನೆ. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ತಿಂಗಳುಗಳ ಅಂತರ ಕಡ್ಡಾಯ, ಹಾರಿ ಹೋಗುವಂತಿಲ್ಲ. ಆದ್ದರಿಂದ ಎಂಟನೆಯ ತರಗತಿಯಲ್ಲಿ ತಡವಾಗಿ ಸೇರಿದವರು ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಎತ್ತರದ ಹಂತ ಮುಟ್ಟುವುದು ಕಷ್ಟ. ಐದು ಆರನೆಯ ತರಗತಿಯಲ್ಲೇ ಸೇರಿಸುವುದು ಲೇಸು. ರೈಲ್ವೆ ನೇಮಕಾತಿಯಲ್ಲೂ ವೃತ್ತಿಶಿಕ್ಷಣ ಪ್ರವೇಶದಲ್ಲೂ ಸ್ಕೌಟ್ಸ್ ಗೈಡ್ಸ್ ಎಂಬ ಪ್ರತ್ಯೇಕ ವರ್ಗ ಇರುವುದರಿಂದ ಕೆಲವರು ಪ್ರಮಾಣಪತ್ರಕ್ಕಾಗಿಯೇ ಮಕ್ಕಳನ್ನು ಕಳಿಸುತ್ತಾರೆ. ಅದನ್ನು ತಪ್ಪೆನ್ನಲಾಗದು. ಆದರೆ ಅಂತಹ ತಂದೆತಾಯಿಗಳು ಮೊದಲ ವರ್ಷವೇ ಪುರಸ್ಕಾರದ ಪ್ರಶ್ನೆ ಎತ್ತಿದಾಗ ಮಾಸ್ಟರರ ತಾಳ್ಮೆ ಪರೀಕ್ಷೆಗೊಳಗಾಗುತ್ತದೆ.

ಮಳೆ, ಕೊಯ್ಲು, ಕಾಡು

ಬಯಲುಸೀಮೆಯ ಕಾರ್ಯಕ್ರಮ ಪಟ್ಟಿಯನ್ನು ಇಲ್ಲಿ ಹಾಗೆಯೇ ಅನುಸರಿಸಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆರೆಯಾಗಿರುತ್ತದೆ. ಭದ್ರೆ ಉಕ್ಕಿದಾಗ ಕಳಸ ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿ ಶಾಲೆಗೇ ಮಕ್ಕಳು ಬಾರರು. ಈ ನಾಲ್ಕು ತಿಂಗಳು ಒಳಾಂಗಣದ ಕಲಿಕೆಗೆ ಮೀಸಲು: ಗಂಟು, ಪಟ್ಟಿ ಕಟ್ಟುವುದು, ನಕ್ಷೆಯ ಚಿಹ್ನೆಗಳು. ಮಳೆಯೂ ಪಾಠವೇ. ತೋಟದವರು ದಿನವೂ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಈ ಸೀಮೆಯ ಹಳೆಯ ರೂಢಿ. ತುಕಡಿಗೊಂದು ಮಳೆಯ ಪುಸ್ತಕ ಕೊಟ್ಟು, ಹತ್ತಿರದ ತೋಟದ ಮಳೆಮಾಪಕವನ್ನು ದಿನವೂ ನೋಡಿ ಬರೆಯಲು ಹೇಳಿದರೆ ಮಕ್ಕಳು ಗಮನಿಸುವುದನ್ನು ಕಲಿಯುತ್ತಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ಕಂಡವರಿಗೆ, ನಿತ್ಯದ ಮಳೆಯ ಲೆಕ್ಕ ಬರಿಯ ಆಟವಲ್ಲವೆಂದು ಹೇಳಬೇಕಾಗಿಲ್ಲ.

ಅಕ್ಟೋಬರ್‌ನಿಂದ ಹೊರಗಿನ ಚಟುವಟಿಕೆ. ಅಷ್ಟರಲ್ಲಿ ಅರೇಬಿಕಾ ಹಣ್ಣಾಗತೊಡಗುತ್ತದೆ, ಅದರ ಹಿಂದೆಯೇ ರೋಬಸ್ಟಾ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮನೆಮಂದಿಗೆಲ್ಲ ಬಿಡುವಿಲ್ಲ. ತೋಟದ ಲೈನುಗಳ ಮಕ್ಕಳು ಕಿರಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಈ ದಿನಗಳಲ್ಲಿ ಹಾಜರಿ ಕಡಿಮೆಯೆಂದು ಅವರ ಹೆಸರು ಹೊಡೆಯುವುದು ಸರಿಯಲ್ಲ. ದುಡಿದು ದಳಕ್ಕೆ ಹಣ ಕೂಡಿಸುವ ಖರಿ ಕಮಾಯಿ ಎಂಬ ಪದ್ಧತಿ ಸ್ಕೌಟಿಂಗ್‌ನಲ್ಲಿದೆ. ಕಾಯಕದ ಹಿರಿಮೆಯನ್ನು ಬಲ್ಲ ನಮಗೆ ಅದು ಹೊಸದಲ್ಲ. ಆದರೆ ಅದರ ಹೆಸರಿನಲ್ಲಿ ಮಕ್ಕಳನ್ನು ಹಣ್ಣು ಕೊಯ್ಯಲು ಇಳಿಸುವುದು ಸಲ್ಲದು. ಕೈತೋಟದ ಸೊಪ್ಪು, ಮಕ್ಕಳೇ ಮಾಡಿದ ಕಾಗದದ ಚೀಲ, ಜಾತ್ರೆಯಲ್ಲಿ ಪಾನಕದ ಅಂಗಡಿ, ಇಷ್ಟು ಸಾಕು. ಬಂದ ಹಣ ದಳದ ಲೆಕ್ಕಕ್ಕೆ ಜಮೆಯಾಗಿ, ನಾಯಕರ ಸಭೆಯಲ್ಲಿ ಓದಿ ಹೇಳಬೇಕು.

ಚಾರಣ ಎಂದೊಡನೆ ಮಕ್ಕಳು ಕುದುರೆಮುಖ ಶಿಖರವನ್ನೇ ಕೇಳುತ್ತಾರೆ. ಅದು ರಾಷ್ಟ್ರೀಯ ಉದ್ಯಾನದೊಳಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ, ಒಳಗೆ ಬೆಂಕಿ ಹಾಕುವಂತೆಯೂ ಇಲ್ಲ. ಮೊದಲ ಎರಡು ವರ್ಷ ಊರಿನ ಸುತ್ತಲಿನ ತೋಟದ ರಸ್ತೆಗಳೇ ಸಾಕು. ಶಿಬಿರಾಗ್ನಿಯನ್ನು ಶಾಲೆಯ ಅಂಗಳದಲ್ಲೇ ನಡೆಸಿ, ಸೌದೆಗೆ ಮರಗಸಿಯಲ್ಲಿ ಬಿದ್ದ ಒಣ ಕೊಂಬೆಗಳನ್ನು ತೋಟದವರನ್ನು ಕೇಳಿ ತರಬಹುದು. ಬೇಸಗೆಯತ್ತ ಹೊರಳುವ ತಿಂಗಳುಗಳಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಎಚ್ಚರ ಬೇಕು. ಸತ್ತ ಮಂಗ ಕಂಡ ಕಾಡಿನ ಕಡೆಗೆ ದಳ ಹೋಗಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆನೆ ಓಡಾಡುವ ಕಡೆ ಸಭೆಯನ್ನು ಬೆಳಕಿರುವಾಗಲೇ ಮುಗಿಸಿ, ಮಕ್ಕಳು ಜೊತೆಯಾಗಿ ಮನೆ ಸೇರುವಂತೆ ತುಕಡಿಗಳನ್ನೇ ದಾರಿವಾರು ಮಾಡಿದರೆ ಒಳ್ಳೆಯದು. ಕೊನೆಯ ಬಸ್ಸಿನ ಹೊತ್ತು ಮಾಸ್ಟರರಿಗೆ ಬಾಯಿಪಾಠವಾಗಿರಲಿ. ಭದ್ರೆಯಲ್ಲಿ, ಅದರಲ್ಲೂ ಅಂಬುತೀರ್ಥದಂತಹ ಬಂಡೆಗಳ ಸೆಳವಿನಲ್ಲಿ, ಈಜಿನ ಮಾತೇ ಬೇಡ.

ಯಾವುದೇ ಹೊರಸಂಚಾರಕ್ಕೆ ತಂದೆ ಅಥವಾ ತಾಯಿಯ ಒಪ್ಪಿಗೆ ಪತ್ರ ಬೇಕು. ಹಿರಿಯರು ಇಬ್ಬರಿಗಿಂತ ಕಡಿಮೆ ಇರಬಾರದು. ಹೆಣ್ಣುಮಕ್ಕಳಿದ್ದರೆ ಮಹಿಳಾ ನಾಯಕಿ ಇರಲೇಬೇಕು, ಮಲಗುವ ವ್ಯವಸ್ಥೆ ಬೇರೆಯಾಗಿರಬೇಕು. ಒಬ್ಬ ಹಿರಿಯರು ಒಂದೇ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿರುವ ಸಂದರ್ಭ ಬಾರದಂತೆ ನೋಡಿಕೊಳ್ಳಬೇಕು. ಇದನ್ನು ಕೇಳುವುದು ಅವಿಶ್ವಾಸವಲ್ಲ. ಕೇಳಿದ್ದಕ್ಕೆ ಮುನಿಯುವ ನಾಯಕರು ಆ ಹೊಣೆಗೆ ತಕ್ಕವರಲ್ಲ.

ದಳದ ಪೆಟ್ಟಿಗೆ

ಪ್ರತಿ ದಳಕ್ಕೂ ಒಂದು ಪೆಟ್ಟಿಗೆ ಇರುತ್ತದೆ, ಇರಬೇಕು. ಧ್ವಜ, ಹಗ್ಗಗಳು, ಪ್ರಥಮ ಚಿಕಿತ್ಸೆಯ ಸಾಮಾನು, ದಿಕ್ಸೂಚಿ, ಹಾಜರಿ ಪುಸ್ತಕ, ನಗದು ಪುಸ್ತಕ, ನಾಯಕರ ಸಭೆಯ ನಡಾವಳಿ, ಪ್ರತಿ ಮಗುವಿನ ಹಂತಗಳ ದಾಖಲೆ, ನೋಂದಣಿ ಪತ್ರ. ಹಗ್ಗ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಬೇಕು. ಕಾಗದಗಳಿಗೆ ಪ್ಲಾಸ್ಟಿಕ್ ಚೀಲ. ಬೀಗದ ಕೈ ಎರಡು: ಒಂದು ಮಾಸ್ಟರರಲ್ಲಿ, ಇನ್ನೊಂದು ಸಮಿತಿಯ ಕಾರ್ಯದರ್ಶಿಯಲ್ಲಿ. ವರ್ಗಾವಣೆಯ ಆದೇಶ ಬಂದ ಶಿಕ್ಷಕರು ಊರು ಬಿಡುವ ಮೊದಲು ನಾಯಕರ ಸಭೆಯೊಂದನ್ನು ಕರೆದು, ಪೆಟ್ಟಿಗೆಯ ವಸ್ತುಗಳನ್ನು ಒಂದೊಂದಾಗಿ ಹೊರತೆಗೆದು ಪಟ್ಟಿ ಮಾಡಿಸಿ, ತುಕಡಿ ನಾಯಕರಿಂದಲೂ ಸಹಿ ಹಾಕಿಸಬೇಕು. ಯಾವ ಮಗು ಯಾವ ಸೋಪಾನದಲ್ಲಿದೆ, ಯಾರ ಪರೀಕ್ಷೆ ಬಾಕಿ ಇದೆ ಎಂಬುದನ್ನು ಜಿಲ್ಲಾ ಸಂಸ್ಥೆಗೆ ಪತ್ರದಲ್ಲಿ ತಿಳಿಸಿ ಪ್ರತಿಯನ್ನು ಅದೇ ಪೆಟ್ಟಿಗೆಯಲ್ಲಿಡಬೇಕು. ಹೊಸಬರು ಬರುವವರೆಗೆ ವಾರದ ಸಭೆಯನ್ನು ಸಮಿತಿಯ ಇಬ್ಬರು ಹಿರಿಯರ ಸಮ್ಮುಖದಲ್ಲಿ ತುಕಡಿ ನಾಯಕರೇ ನಡೆಸಬಹುದು. ಅದೇ ದಿನ, ಅದೇ ಹೊತ್ತು.